ಆಸ್ಪತ್ರೆಗೆ ಹೋಗಿಬರುವುದಕ್ಕೇ ಇಡೀ ದಿನ ಬೇಕಾದರೆ ಜನ ಚಿಕಿತ್ಸೆಯನ್ನೇ ಬಿಡುತ್ತಾರೆ. ನಿಮ್ಮ ಕಡೆ ಹೇಗೆ ನಡೆಯುತ್ತಿದೆ?

ಹೊಳೆಯಾಚೆ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಒಳಗಿನ ಹಳ್ಳಿ. ಆಯಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ. ಈ ಮಳೆಗಾಲದಲ್ಲಿ ತೋಟದಲ್ಲಿ ಕಾಲಿಗೆ ಏನೋ ಚುಚ್ಚಿ ಹೆಬ್ಬೆರಳ ಬುಡದಲ್ಲಿ ಗಾಯ ಆಯಿತು. ನೋವೇ ಇಲ್ಲ ಅಂತ ಅರಿಶಿನ ಹಚ್ಚಿಕೊಂಡು ಓಡಾಡಿದಳು. ಸಕ್ಕರೆ ಇರುವವರಿಗೆ ಕಾಲಿನ ಸ್ಪರ್ಶವೇ ಕಡಿಮೆ ಆಗಿರುತ್ತದೆ, ಹಾಗಾಗಿ ನೋವು ಗೊತ್ತಾಗುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಗಾಯದ ಅಂಚು ಕಪ್ಪಾದ ಮೇಲೆ ಶಿರಸಿಗೆ ಕರೆದುಕೊಂಡು ಹೋದೆವು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡಿಸಬೇಕು ಎಂದು ಅವರು ಹುಬ್ಬಳ್ಳಿಗೆ ಬರೆದುಕೊಟ್ಟರು.

ಹುಬ್ಬಳ್ಳಿಗೆ ಹೋಗುವುದು ಎಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾತ್ರಿ ಊರಲ್ಲೇ ತಂಗುವ ನಮ್ಮ ವಸತಿ ಬಸ್ಸು ಬೆಳಿಗ್ಗೆ ಹೊರಡುತ್ತದೆ. ಅದು ಬಿಟ್ಟರೆ ಮಧ್ಯಾಹ್ನದವರೆಗೆ ಬಸ್ಸಿಲ್ಲ. ಬಸ್ಸು ನಿಲ್ಲುವ ಜಾಗಕ್ಕೆ ಮನೆಯಿಂದ ಸಂಕ (ಕಾಲುಸೇತುವೆ) ದಾಟಿ ನಡೆಯಬೇಕು, ಗಾಯದ ಕಾಲಿನಲ್ಲಿ ಆಯಿಗೆ ಅದೇ ದೊಡ್ಡ ಕಷ್ಟ. ಸಿದ್ದಾಪುರದಲ್ಲಿ ಇಳಿದು ಶಿರಸಿ ಬಸ್ಸು, ಶಿರಸಿಯಲ್ಲಿ ಇಳಿದು ಹುಬ್ಬಳ್ಳಿ ಬಸ್ಸು, ಅಲ್ಲಿ ಇಳಿದು ಆಟೊ. ಅಷ್ಟು ಮಾಡಿ ಓಪಿಡಿ ಮುಟ್ಟುವಾಗ ಚೀಟಿ ಮಾಡಿಸುವ ಸಾಲು ಹನುಮಂತನ ಬಾಲದಂತೆ ಬೆಳೆದಿರುತ್ತದೆ. ಡಾಕ್ಟರು ನೋಡುತ್ತಾರೆ, ಒಂದು ಸ್ಕ್ಯಾನ್ ಬರೆಯುತ್ತಾರೆ, ಅದು ನಾಳೆ ಎನ್ನುತ್ತಾರೆ. ನಾಳೆ ಎಂದರೆ ನಮಗೆ ಲಾಡ್ಜ್, ಇಲ್ಲದಿದ್ದರೆ ವಾಪಸ್ ಬಂದು ಮತ್ತೆ ಇದೇ ಪಾಡು. ಹೆಂಗಸರಿಗೆ ಬಸ್ಸು ಫ್ರೀ ಇದೆ, ಅದು ನಿಜಕ್ಕೂ ಉಪಕಾರ ಆಗಿದೆ. ಆದರೆ ಟಿಕೆಟ್ಟಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ.

ಎರಡು ಸಲ ಹೋಗಿಬಂದ ಮೇಲೆ ಆಯಿ "ನಾನು ಇನ್ನು ಬರುವುದಿಲ್ಲ, ಅಡಿಕೆಯ ಕೊನೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎಂದು ಕೂತಿದ್ದಾಳೆ. ಅವಳಿಗೆ ರೋಗದ ಹೆದರಿಕೆ ಇಲ್ಲ, ದಾರಿಯ ಹೆದರಿಕೆ. ನಮ್ಮ ಕೇರಿಯಲ್ಲೇ ನೋಡಿದರೆ ಹೀಗೆ "ಆಮೇಲೆ ನೋಡೋಣ" ಅಂತ ಇಟ್ಟುಕೊಂಡವರು ಎಷ್ಟು ಜನ! ಒಬ್ಬರಿಗೆ ಕಣ್ಣಿನ ಪೊರೆ, ಒಬ್ಬರಿಗೆ ಬಿ.ಪಿ. ಮಾತ್ರೆ ಮುಗಿದು ಎಷ್ಟೋ ದಿನ ಆಗಿದೆ, ಇನ್ನೊಬ್ಬರಿಗೆ ಎದೆಯಲ್ಲಿ ಗಂಟು.

ನನ್ನ ಪ್ರಶ್ನೆ ಎರಡು. ಒಂದು, ಆಯಿಯ ಗಾಯಕ್ಕೆ ಎಲ್ಲದಕ್ಕೂ ಹುಬ್ಬಳ್ಳಿಗೇ ಓಡಬೇಕಾ, ಹತ್ತಿರದಲ್ಲಿ ಏನೇನು ಮಾಡಿಸಿಕೊಳ್ಳಬಹುದು? ಎರಡು, ದೂರದ ಊರಿನವರೆಲ್ಲ ಇದನ್ನು ಹೇಗೆ ನಿಭಾಯಿಸುತ್ತಿದ್ದೀರಿ? ಪೇಟೆಗೆ ಮನೆ ಮಾಡಿ ಅಂತ ಮಾತ್ರ ಹೇಳಬೇಡಿ, ತೋಟ ಬಿಟ್ಟು ಬರಲು ಆಗುವುದಿಲ್ಲ.

ಡ್ಯೂಟಿ ಸಿಸ್ಟರ್ (ಕುಮಟಾ)

ತಂಗಿ, ಮೊದಲು ಆಯಿಯ ಕಾಲಿನ ಮಾತು. ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಸಕ್ಕರೆ ಗಾಯದಲ್ಲಿ ಅಂಚು ಕಪ್ಪಾಗುವುದು, ವಾಸನೆ ಬರುವುದು, ಜ್ವರ, ಪಾದ ಕೆಂಪಾಗಿ ಊದುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಬೇಕು. ಬೆರಳಿನಲ್ಲಿ ಮುಗಿಯಬೇಕಾದದ್ದು ಮೊಣಕಾಲಿನವರೆಗೆ ಹೋದದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಹಾಗೆ ಬಂದವರಲ್ಲಿ ಅಸಡ್ಡೆಯವರು ಕಡಿಮೆ, ದೂರದ ಊರಿನವರೇ ಜಾಸ್ತಿ.

ಆದರೆ ಎಲ್ಲದಕ್ಕೂ ಹುಬ್ಬಳ್ಳಿ ಬೇಡ. ರಕ್ತನಾಳದ ಸ್ಕ್ಯಾನ್ ಮತ್ತು ಆ ಡಾಕ್ಟರ ಅಭಿಪ್ರಾಯ, ಅಷ್ಟಕ್ಕೆ ಹೋಗಲೇಬೇಕು. ಡ್ರೆಸ್ಸಿಂಗ್, ಸಕ್ಕರೆ ಪರೀಕ್ಷೆ, ಇನ್ಸುಲಿನ್, ಆಂಟಿಬಯೋಟಿಕ್ ಇಂಜೆಕ್ಷನ್, ಇದನ್ನೆಲ್ಲ ನಿಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಅಥವಾ ತಾಲೂಕು ಆಸ್ಪತ್ರೆಯಲ್ಲಿ ಮಾಡಬಹುದು. ಹುಬ್ಬಳ್ಳಿಯ ಡಾಕ್ಟರ ಹತ್ತಿರ ಬಾಯಿಮಾತಿಗೆ ಬರಬೇಡಿ, ಯಾವ ಡ್ರೆಸ್ಸಿಂಗ್, ಎಷ್ಟು ದಿನಕ್ಕೊಮ್ಮೆ, ಯಾವ ಮದ್ದು ಎಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಬರೆದದ್ದು ಕೈಯಲ್ಲಿದ್ದರೆ ಪಿಎಚ್‌ಸಿಯ ಸಿಸ್ಟರ್ ಧೈರ್ಯದಿಂದ ಮಾಡುತ್ತಾಳೆ. ಇಲ್ಲದಿದ್ದರೆ ಅವಳಿಗೂ ಹೆದರಿಕೆ, "ದೊಡ್ಡ ಆಸ್ಪತ್ರೆಗೇ ಹೋಗಿ" ಅಂತ ಕಳಿಸಿಬಿಡುತ್ತಾಳೆ.

ಇನ್ನೊಂದು. ಹೋಗುವ ಮೊದಲು ಫೋನ್ ಮಾಡಿ. ಆಯುಷ್ಮಾನ್ ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ನೆರವಾಗಲು ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಶಿರಸಿಯ ರೆಫರ್ ಚೀಟಿ ಇದೆ, ದೂರದಿಂದ ಬರುತ್ತಿದ್ದೇವೆ, ಸ್ಕ್ಯಾನ್ ಮತ್ತು ಡಾಕ್ಟರ ಭೇಟಿ ಒಂದೇ ದಿನ ಆಗುವಂತೆ ಯಾವ ವಾರ ಬರಬೇಕು ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರ್ ಚೀಟಿ ಇಲ್ಲದೆ ಹೋದರೆ ಯೋಜನೆ ಕೆಳಗೆ ಸೇರಿಸಿಕೊಳ್ಳಲು ತಕರಾರು ಬರುತ್ತದೆ, ಅದಕ್ಕೇ ಮತ್ತೊಂದು ಸಲ ಶಿರಸಿಗೆ ಓಡುವ ಹಾಗೆ ಆಗುತ್ತದೆ. ರಕ್ತಪರೀಕ್ಷೆಗಳನ್ನು ತಾಲೂಕಿನಲ್ಲೇ ಮಾಡಿಸಿ ವರದಿ ತೆಗೆದುಕೊಂಡು ಹೋಗಿ. ಇಷ್ಟು ಮಾಡಿದರೆ ಮೂರು ಸಲದ ಓಡಾಟ ಒಂದಕ್ಕೆ ಇಳಿಯಬಹುದು.

ದೂರ ಎಂದ ಕೂಡಲೇ ಎಲ್ಲರೂ ಆಂಬ್ಯುಲೆನ್ಸ್ ಮಾತಾಡುತ್ತಾರೆ. ಅದು ಬೇಕು. ಆದರೆ ನನ್ನ ಅನುಭವದಲ್ಲಿ ದಾರಿ ಜಾಸ್ತಿ ಹಾಳು ಮಾಡುವುದು ಎರಡನೇ ಭೇಟಿಯನ್ನು. ಮೊದಲ ಸಲ ಹೇಗಾದರೂ ಸಾಲ ಮಾಡಿ ಜೀಪು ಹಿಡಿದು ಬರುತ್ತಾರೆ. ಹೊಲಿಗೆ ಬಿಚ್ಚಲು ಬರುವುದಿಲ್ಲ. ಬಿ.ಪಿ. ಮಾತ್ರೆ ಹೊಂದಿಸಲು ಬರುವುದಿಲ್ಲ. ಕ್ಯಾನ್ಸರಿಗೆ ಕರೆಂಟ್ ಕೊಡುವುದು (ವಿಕಿರಣ ಚಿಕಿತ್ಸೆ) ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಹಳ್ಳಿಯಿಂದ ದಿನಾ ಬರಲು ಆಗುತ್ತದಾ? ಅರ್ಧಕ್ಕೆ ಬಿಡುತ್ತಾರೆ. ಇಂಥವರು ಸತ್ತರೆ "ಕ್ಯಾನ್ಸರ್ ಇತ್ತು, ಹೋದರು" ಎನ್ನುತ್ತಾರೆ ಅಷ್ಟೇ. ದಾರಿಯ ಹೆಸರು ಎಲ್ಲೂ ಬರುವುದಿಲ್ಲ.

ಅರಬೈಲ್ ತಿರುವು

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಹಲವು ವರ್ಷ ಆಂಬ್ಯುಲೆನ್ಸ್ ಓಡಿಸಿದವನು, ಖಾಸಗಿಯದ್ದು. ಅರಬೈಲ್ ಘಟ್ಟ, ದೇವಿಮನೆ ಘಟ್ಟ ಎರಡೂ ಕಣ್ಣುಮುಚ್ಚಿ ಹೇಳಬಲ್ಲೆ.

ಜನ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ., ಬಯಲುಸೀಮೆಯವನು ಕೇಳಿದರೆ ಒಂದು ತಾಸು ಅನ್ನುತ್ತಾನೆ. ಮಳೆಗಾಲದ ರಾತ್ರಿ ದೇವಿಮನೆಯಲ್ಲಿ ಮಂಜು ಕೂತಿದ್ದರೆ, ಮುಂದೆ ಒಂದು ಲಾರಿ ಸಿಕ್ಕಿದರೆ, ಮರ ಬಿದ್ದರೆ, ಅದಕ್ಕೆ ಲೆಕ್ಕವೇ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತಲ್ಲ, ಆಗ ಆಚೆ ಈಚೆ ಹೋಗಬೇಕಾದ ರೋಗಿಗಳು ಏನು ಮಾಡಬೇಕು? ನಮ್ಮ ಕಡೆ ದೂರ ಅನ್ನುವುದು ತಿಂಗಳಿಗೊಂದು ಥರ ಇರುತ್ತದೆ. ಏಪ್ರಿಲಿನ ಎರಡು ತಾಸು ಜುಲೈಯಲ್ಲಿ ನಾಲ್ಕು ತಾಸು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಉಸಿರಾಟದ ತೊಂದರೆಯ ರೋಗಿಯನ್ನು ಹತ್ತಿಸಿಕೊಳ್ಳುವ ಮೊದಲು ನಾವು ಸಿಲಿಂಡರಿನ ಲೆಕ್ಕ ಹಾಕುತ್ತೇವೆ. ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಎರಡೂವರೆ ತಾಸು ಬರುತ್ತದೆ. ಕಾರವಾರದಿಂದ ಮಂಗಳೂರು 270 ಕಿ.ಮೀ. ಹತ್ತಿರ. ಹಾಗಾದರೆ ಇನ್ನೊಂದು ಸಿಲಿಂಡರ್ ಬೇಕು, ಮೀಟರಿನ ಮುಳ್ಳು ಕೆಳಗೆ ಬರುವ ಮೊದಲು ಬದಲಾಯಿಸಬೇಕು, ಹಿಂದೆ ಕೂತ ಹುಡುಗನಿಗೆ ಕೀ ತಿರುಗಿಸಲು ಬರಬೇಕು. ಮನೆಯವರು "ಬೇಗ ಹೊರಡು ಮಾರಾಯ" ಅನ್ನುತ್ತಾರೆ, ನಾನು ಮುಳ್ಳು ನೋಡುತ್ತಿರುತ್ತೇನೆ. ದಯವಿಟ್ಟು ಯಾರಾದರೂ ಆಂಬ್ಯುಲೆನ್ಸ್ ಕರೆದರೆ ಇದನ್ನು ಕೇಳಿ. ಎಷ್ಟು ಸಿಲಿಂಡರ್ ಇದೆ, ಜೊತೆಗೆ ತರಬೇತಿ ಆದವರು ಇದ್ದಾರಾ ಅಂತ. ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿ.

ಕಾಳಿ ತೀರ (ಕಾರವಾರ)

ಇಲ್ಲಿ ಎಲ್ಲರೂ ಹೇಗೆ ಹೊಂದಿಕೊಳ್ಳಬೇಕು ಅಂತ ಹೇಳುತ್ತಿದ್ದೀರಿ. ನನಗೆ ಅದು ಸಾಕಾಗಿದೆ. ನಾವು ಯಾಕೆ ಹೊಂದಿಕೊಳ್ಳಬೇಕು?

2022ರ ಜುಲೈ 20 ನೆನಪಿದೆಯಾ? ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ ಮಳೆಗೆ ಜಾರಿ ಕಂಬಕ್ಕೆ ಹೊಡೆದು ನಾಲ್ಕು ಜನ ಸತ್ತರು. ಆ ವಿಡಿಯೋ ಇಡೀ ದೇಶ ನೋಡಿತು. ಟೋಲಿನ ಬ್ಯಾರಿಕೇಡ್ ಬಗ್ಗೆ ಚರ್ಚೆ ಆಯಿತು, ಚಾಲಕನ ಬಗ್ಗೆ ಆಯಿತು. ಹೊನ್ನಾವರದ ರೋಗಿ ಜಿಲ್ಲೆ ದಾಟಿ ಯಾಕೆ ಹೋಗಬೇಕಾಯಿತು ಅನ್ನುವುದನ್ನು ಕೇಳಿದ್ದು ನಮ್ಮ ಜಿಲ್ಲೆಯವರೇ. 2019ರಲ್ಲೇ ಟ್ವಿಟರಿನಲ್ಲಿ ನಮ್ಮ ಹುಡುಗರು ಉತ್ತರ ಕನ್ನಡಕ್ಕೆ ತುರ್ತು ಆಸ್ಪತ್ರೆ ಬೇಕು ಅಂತ ಅಭಿಯಾನ ಮಾಡಿದ್ದರು.

ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಒಪ್ಪುತ್ತೇನೆ. ಆದರೆ ತಲೆಗೆ ಪೆಟ್ಟು ಬಿದ್ದರೆ, ಹೃದಯದ ಆಪರೇಷನ್ ಬೇಕಾದರೆ ನಮ್ಮವರು ಈಗಲೂ ನೋಡುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಕಾರವಾರದವರಿಗೆ ಗೋವಾದ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. 2018ರ ಜನವರಿಯಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಹಾಕಿದರು. ಅವರ ಜನರಿಗೇ ಹಾಸಿಗೆ ಸಾಲದಿದ್ದರೆ ಅವರಾದರೂ ಏನು ಮಾಡುತ್ತಾರೆ. ನಮ್ಮ ಸರ್ಕಾರ ಮಾಡಬೇಕಾದ ಕೆಲಸ ಅದು.

ಮೂಲದಲ್ಲೇ ಲೆಕ್ಕ ತಪ್ಪಿದೆ ಅಂತ ನನಗೆ ಅನಿಸುವುದು. ಪಿಎಚ್‌ಸಿ ಎಲ್ಲಿ, ಸಮುದಾಯ ಆಸ್ಪತ್ರೆ ಎಲ್ಲಿ ಎಂದು ಕೇಂದ್ರದ ಮಾನದಂಡ ನಿಂತಿರುವುದು ಜನಸಂಖ್ಯೆಯ ಮೇಲೆ. ಬಯಲಿನಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಸಮುದಾಯ ಆಸ್ಪತ್ರೆ ಅಲ್ಲಿ 1,20,000ಕ್ಕೆ, ಇಲ್ಲಿ 80,000ಕ್ಕೆ. ಏನೋ ರಿಯಾಯಿತಿ ಕೊಟ್ಟ ಹಾಗೆ ಕಾಣುತ್ತದೆ ಅಲ್ವಾ? ಈಗ ನಮ್ಮ ಜಿಲ್ಲೆ ನೋಡಿ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 140 ಜನ, ರಾಜ್ಯದ ಸರಾಸರಿ 319. ಅರ್ಧಕ್ಕಿಂತಲೂ ಕಡಿಮೆ. ಅಂದಮೇಲೆ 80,000 ಜನ ಸೇರಬೇಕಾದರೆ ಎಷ್ಟು ಕಾಡು, ಎಷ್ಟು ಹೊಳೆ, ಎಷ್ಟು ಘಟ್ಟ ದಾಟಬೇಕು ಅಂತ ಲೆಕ್ಕ ಹಾಕಿ. ತಲೆ ಎಣಿಸಿ ಆಸ್ಪತ್ರೆ ಕೊಟ್ಟರೆ ತಲೆ ಕಡಿಮೆ ಇರುವ ಕಡೆ ದಾರಿ ಉದ್ದ ಆಗಿಯೇ ಆಗುತ್ತದೆ. ಹೊತ್ತು ಎಣಿಸಿ ಕೊಡಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಗೋಲ್ಡನ್ ಅವರ್, ಅಂದರೆ ಜೀವ ಉಳಿಸುವ ಮೊದಲ ಒಂದು ತಾಸಿನ ಒಳಗೆ ಮುಟ್ಟುವ ಹಾಗೆ ಹಾಸಿಗೆಗಳನ್ನು ಹಂಚಬೇಕು ಎಂದು ಬರೆದಿದೆ. ಲ್ಯಾನ್ಸೆಟ್ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ 2015ರಲ್ಲಿ ಎರಡು ತಾಸಿನ ಗಡಿ ಹಾಕಿತು, ಅಂದರೆ ಸಿಸೇರಿಯನ್, ಹೊಟ್ಟೆಯ ಆಪರೇಷನ್, ಮೂಳೆ ಮುರಿದು ಹೊರಬಂದಿದ್ದರೆ ಅದರ ಚಿಕಿತ್ಸೆ, ಈ ಮೂರೂ ಆಗುವ ಆಸ್ಪತ್ರೆ ಎರಡು ತಾಸಿನೊಳಗೆ ಸಿಗಬೇಕು ಎಂದು. ಮಳೆಗಾಲದ ರಾತ್ರಿ ಜೋಯಿಡಾದ ಒಳಗಿನ ಹಳ್ಳಿಯಿಂದ ಆ ಎರಡು ತಾಸು ಹಾಕಿ ನೋಡಲಿ ಯಾರಾದರೂ.

ಹಾಗಾಗಿ ನನ್ನ ಉತ್ತರ, ದೊಡ್ಡ ಆಸ್ಪತ್ರೆ ಬೇಕು, ಜಿಲ್ಲೆಯೊಳಗೇ ಬೇಕು. ಡ್ರೆಸ್ಸಿಂಗಿಗೆ ಪಿಎಚ್‌ಸಿ ಸಾಕು ಅನ್ನುವ ಮಾತು ಸರಿಯೇ, ಆದರೆ ಅದನ್ನೇ ಹಿಡಿದುಕೊಂಡು ಸರ್ಕಾರ ಜಾರಿಕೊಳ್ಳಬಾರದು.

ಡ್ಯೂಟಿ ಸಿಸ್ಟರ್ (ಕುಮಟಾ)

ಸರ್, ನಿಮ್ಮ ಸಿಟ್ಟು ನನಗೂ ಇದೆ. ದೊಡ್ಡ ಆಸ್ಪತ್ರೆ ಬೇಡ ಅಂತ ನಾನು ಹೇಳಿಲ್ಲ. ಆದರೆ ಅದು ಕುಮಟಾದಲ್ಲಿ ಆದರೂ ಹಳಿಯಾಳದವನಿಗೆ ದೂರವೇ, ಶಿರಸಿಯಲ್ಲಿ ಆದರೆ ಭಟ್ಕಳದವನಿಗೆ ದೂರ. ಜಿಲ್ಲೆಯ ಆಕಾರವೇ ಹಾಗಿದೆ. ಅದು ಬರುವವರೆಗೂ, ಬಂದ ಮೇಲೂ, ಮೊದಲ ಒಂದು ತಾಸಿನ ಚಿಕಿತ್ಸೆ ತಾಲೂಕಿನಲ್ಲೇ ಆಗಬೇಕು.

ಹೃದಯಾಘಾತವನ್ನೇ ತೆಗೆದುಕೊಳ್ಳಿ. ಬ್ಲಾಕ್ ಆದ ನಾಳವನ್ನು ಬಲೂನು ಹಾಕಿ ಬಿಡಿಸುವುದು ಒಳ್ಳೆಯದು ನಿಜ. ಆದರೆ ಇಸಿಜಿಯಲ್ಲಿ ಗೊತ್ತಾದ ಮೇಲೆ 120 ನಿಮಿಷದೊಳಗೆ ಅದು ಆಗುವ ಹಾಗಿಲ್ಲದಿದ್ದರೆ, ಇದ್ದಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು ಎಂದೇ ವೈದ್ಯರ ನಿಯಮ. ನಮ್ಮ ಜಿಲ್ಲೆಯ ಬಹಳ ಊರುಗಳಿಗೆ ಇದೇ ಅನ್ವಯಿಸುತ್ತದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸುತ್ತಾರೆ, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಟ್ಟು ವಾಟ್ಸಾಪ್ ಗುಂಪಿನಲ್ಲಿ ವರದಿ ನೋಡಿ ಸಲಹೆ ಕೊಡುವ ಕೆಲಸವನ್ನು ಅದಕ್ಕೂ ಮೊದಲೇ ಶುರು ಮಾಡಿದ್ದರು. ಅದರಿಂದ ದಾರಿ ಒಂದು ಅಂಗುಲ ಕಡಿಮೆ ಆಗಲಿಲ್ಲ, ಆದರೆ ಚಿಕಿತ್ಸೆ ಶುರುವಾಗುವ ಹೊತ್ತು ಕಡಿಮೆ ಆಯಿತು.

ಹಾಗಾಗಿ ಎದೆನೋವು ಬಂದರೆ ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ನೇರ ಮಣಿಪಾಲಕ್ಕೆ ಹೊರಡಬೇಡಿ. ಹಾವು ಕಚ್ಚಿದಾಗಲೂ ಇದೇ. ವಿಷಕ್ಕೆ ಕೊಡುವ ಇಂಜೆಕ್ಷನ್ ತಾಲೂಕು ಆಸ್ಪತ್ರೆಯಲ್ಲಿ ಇರುತ್ತದೆ, ಅದನ್ನು ಬಿಟ್ಟು ನೂರು ಕಿಲೋಮೀಟರ್ ಓಡುವುದರಲ್ಲಿ ಅರ್ಥ ಇಲ್ಲ. ಪಾರ್ಶ್ವವಾಯು ಮಾತ್ರ ಬೇರೆ. ಅದಕ್ಕೆ ಸಿಟಿ ಸ್ಕ್ಯಾನ್ ಬೇಕು, ಇಂಜೆಕ್ಷನ್ ಕೊಡಲು ನಾಲ್ಕೂವರೆ ತಾಸಿನ ಗಡಿ ಇದೆ, ಆದ್ದರಿಂದ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಸ್ಕ್ಯಾನ್ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡಿರಬೇಕು.

ಹೆರಿಗೆಯದ್ದು ನನಗೆ ಬಹಳ ಕಾಡುವ ವಿಷಯ. ಹೆರಿಗೆ ಆದ ಮೇಲೆ ರಕ್ತಸ್ರಾವ ಜೋರಾದರೆ ಎರಡು ತಾಸಿನೊಳಗೆ ತಾಯಿ ಹೋಗಿಬಿಡಬಹುದು. ಕಟ್ಟಡ ಇದೆ, ಆಪರೇಷನ್ ಕೋಣೆ ಇದೆ, ಸ್ತ್ರೀರೋಗ ತಜ್ಞೆ ಇದ್ದಾರೆ, ಅರಿವಳಿಕೆ ಕೊಡುವ ಡಾಕ್ಟರಿಲ್ಲ ಅಥವಾ ರಕ್ತ ಸಂಗ್ರಹ ಇಲ್ಲ ಎಂದರೆ ಆ ತಾಯಿಯ ಪಾಲಿಗೆ ಆಸ್ಪತ್ರೆ ನೂರು ಕಿಲೋಮೀಟರ್ ಆಚೆಗೇ ಇದೆ. ದೊಡ್ಡ ಆಸ್ಪತ್ರೆ ಕೇಳುವಾಗ ತಾಲೂಕಿಗೊಬ್ಬ ಅರಿವಳಿಕೆ ತಜ್ಞರನ್ನೂ ಅಷ್ಟೇ ಜೋರಾಗಿ ಕೇಳಿ ಸರ್.

ಕಾಡಂಚು (ಜೋಯಿಡಾ)

ಮೇಲೆ ಜೋಯಿಡಾ ಹೆಸರು ಬಂತು, ಬರೆಯಲೇಬೇಕು ಅನಿಸಿತು.

ನಮ್ಮಲ್ಲಿ ಹುಲಿ ಮೀಸಲು ಕಾಡಿನ ಒಳಗೆ ಇರುವ ಕುಣಬಿ ಊರುಗಳಿಗೆ ಮಳೆಗಾಲದಲ್ಲಿ ಜೀಪು ಕೂಡ ಹೋಗುವುದಿಲ್ಲ. ಹುಷಾರಿಲ್ಲದವರನ್ನು ಕಂಬಳಿ ಜೋಲಿಯಲ್ಲಿ ಕೂರಿಸಿ ಗಳುವಿಗೆ ಕಟ್ಟಿ ಹೊರುತ್ತಾರೆ. ಇಬ್ಬರು ಹೊತ್ತರೆ ಸಾಲದು, ಹೆಗಲು ಬದಲಾಯಿಸಲು ಜೊತೆಗೆ ಇನ್ನೂ ನಾಲ್ಕಾರು ಗಂಡಸರು ನಡೆಯಬೇಕು. ಅಂದರೆ ಒಬ್ಬರಿಗೆ ಕಾಯಿಲೆ ಬಂದರೆ ಊರಿನ ಗಂಡಸರ ಒಂದು ದಿನದ ಕೂಲಿ ಹೋಯಿತು. ಇದನ್ನು ತಿಳಿದೇ ಮುದುಕರು ಸುಮ್ನೆ ಮಲಗಿರುತ್ತಾರೆ, ಹೇಳುವುದೇ ಇಲ್ಲ. "ನನ್ನ ಸಲುವಾಗಿ ಎಲ್ಲರಿಗೂ ಯಾಕೆ ತ್ರಾಸು" ಎನ್ನುತ್ತಾರೆ. 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕು, ಆಂಬ್ಯುಲೆನ್ಸ್ ಬಂದು ನಿಲ್ಲುವುದು ಡಾಂಬರು ಮುಗಿಯುವಲ್ಲಿ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ಆದ್ದರಿಂದ ನಮ್ಮವರು ದಾಂಡೇಲಿ, ಧಾರವಾಡ, ಬೆಳಗಾವಿ ಕಡೆ ಮುಖ ಮಾಡುತ್ತಾರೆ.

ಬಸುರಿಯರ ವಿಷಯದಲ್ಲಿ ನಮ್ಮ ಕಡೆ ಜನರೇ ಒಂದು ದಾರಿ ಕಂಡುಕೊಂಡಿದ್ದಾರೆ. ದಿನ ತುಂಬುವ ಮೊದಲೇ ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಇರುವ ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ನೆಂಟರು ಇದ್ದವರಿಗೆ ಆಯಿತು, ಇಲ್ಲದವರು? ಒಡಿಶಾದಲ್ಲಿ ಸರ್ಕಾರವೇ ಇದಕ್ಕಾಗಿ ಮಾ ಗೃಹ ಅಂತ ಮಾಡಿದೆ. ದೂರದ ಊರಿನ ಬಸುರಿ ಆಸ್ಪತ್ರೆ ಹತ್ತಿರದ ಮನೆಯಲ್ಲಿ ಬಂದು ಇರುವುದು, ಊಟ ಅಲ್ಲೇ, ನೋವು ಬಂದರೆ ಹತ್ತು ಹೆಜ್ಜೆಗೆ ಆಸ್ಪತ್ರೆ. ಹೆರಿಗೆ ಆದ ಮೇಲೆ ತಾಯಿ ಮಗುವನ್ನು ಮನೆಗೆ ಬಿಡಲು ನಮ್ಮಲ್ಲಿ ನಗು-ಮಗು ವಾಹನ ಇದೆ, ಒಳ್ಳೆಯದೇ. ಆದರೆ ಹೆರಿಗೆಗೆ ಮೊದಲಿನ ಆ ಎರಡು ವಾರಕ್ಕೆ ಒಂದು ಕೋಣೆ, ಒಂದು ಅಡುಗೆಯವಳು ಬೇಕು. ಕೋಟಿಗಟ್ಟಲೆ ಖರ್ಚಿನ ಕೆಲಸ ಅಲ್ಲ ಇದು. ಯಾರ ಕೈಯಲ್ಲಿ ಇದೆಯೋ ಅವರಿಗೆ ಕೇಳುವ ಹಾಗೆ ಎಲ್ಲರೂ ಹೇಳಬೇಕು.

ತಲಪಾಡಿ ಆಚೆ

ನಾನು ಕಾಸರಗೋಡಿನ ಕನ್ನಡಿಗ. ನಿಮ್ಮ ಜಿಲ್ಲೆಯವನಲ್ಲ, ಆದರೆ ಈ ಮಾತು ನಮಗೂ ಸೇರಿದ್ದು.

ಮಂಜೇಶ್ವರದಿಂದ ಮಂಗಳೂರು ಮುಕ್ಕಾಲು ತಾಸಿನ ದಾರಿ. ಕಾಸರಗೋಡು ಪೇಟೆಯಿಂದ 50 ಕಿ.ಮೀ. ಆಸುಪಾಸು. ನಮ್ಮ ಅಜ್ಜನ ಕಾಲದಿಂದಲೂ ಹೆರಿಗೆಗೆ, ಆಪರೇಷನ್‌ಗೆ, ಡಯಾಲಿಸಿಸ್‌ಗೆ ಮಂಗಳೂರೇ. ಹತ್ತಿರ ಇದೆಯಲ್ಲ ಎಂದು ನಾವು ನಿಶ್ಚಿಂತೆಯಾಗಿ ಇದ್ದೆವು, ನಮ್ಮ ಜಿಲ್ಲೆಗೆ ಏನೂ ಮಾಡದೆ ತಿರುವನಂತಪುರವೂ ನಿಶ್ಚಿಂತೆಯಾಗಿ ಇತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳನ್ನು ವಾಪಸ್ ಕಳಿಸಿದರು. ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಬೇಕೆಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ರೋಗಿಗಳನ್ನು ಬಿಡಲು ಎರಡೂ ರಾಜ್ಯ ಒಂದು ವ್ಯವಸ್ಥೆಗೆ ಒಪ್ಪಿದವು. ಆ ದಿನಗಳಲ್ಲಿ ಡಯಾಲಿಸಿಸ್ ತಪ್ಪಿದವರ ಮನೆಗಳಿಗೆ ಹೋಗಿ ನೋಡಿದವರಿಗೆ ಗೊತ್ತು ಅದು ಏನು ಅಂತ. ವಾರಕ್ಕೆ ಎರಡು ಮೂರು ಸಲ ಆಗಲೇಬೇಕಾದದ್ದು ಅದು. ಮುಖ ಊದುತ್ತದೆ, ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ, ಕೂತಲ್ಲೇ ರಾತ್ರಿ ಕಳೆಯಬೇಕು.

ನಾನು ಇದನ್ನು ಕನ್ನಡಿಗ, ಮಲಯಾಳಿ ಅಂತ ಹೇಳುತ್ತಿಲ್ಲ. ನಕ್ಷೆಯಲ್ಲಿ ಹತ್ತಿರ ಇರುವ ಆಸ್ಪತ್ರೆ ಬೇರೆಯವರ ಕೈಯಲ್ಲಿದ್ದರೆ ಅದು ಹತ್ತಿರ ಅಲ್ಲ. ಕಾರವಾರದವರು ಗೋವಾ ನಂಬಿರುವುದನ್ನು ಓದಿ ಇದೇ ನೆನಪಾಯಿತು. ನಮ್ಮ ಕಡೆ ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಎಷ್ಟು ವರ್ಷದಿಂದ ನರರೋಗ ತಜ್ಞರಿಗಾಗಿ ಬೇಡುತ್ತಿದ್ದಾರೆ. 2022ರಲ್ಲಿ ಸಮಾಜ ಸೇವಕಿ ದಯಾಬಾಯಿ ಅವರು ಇಳಿವಯಸ್ಸಿನಲ್ಲಿ ತಿರುವನಂತಪುರದಲ್ಲಿ ಉಪವಾಸ ಕೂತದ್ದು ಇದೇ ಕಾರಣಕ್ಕೆ. ಅದಕ್ಕೇ ಕಾಳಿ ತೀರ ಅವರ ಮಾತಿಗೆ ನನ್ನ ಪೂರ್ತಿ ಬೆಂಬಲ. ನಿಮ್ಮ ಜಿಲ್ಲೆಯೊಳಗೆ ಇರಲಿ.

ಕೆಂಪು ಬಸ್ಸು

ಒಂದು ವಿಷಯ ಯಾರೂ ಹೇಳಲಿಲ್ಲ, ಬಸ್ಸಿನ ವೇಳೆ. ನಾನು ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತ. ಹಳ್ಳಿಯ ವಸತಿ ಬಸ್ಸುಗಳ ವೇಳೆ ಇಟ್ಟಿರುವುದು ಶಾಲೆ ಕಾಲೇಜು ಮಕ್ಕಳಿಗೆ ಸರಿಯಾಗಿ. ಅದು ಬೇಕಾದದ್ದೇ. ಆದರೆ ಅದೇ ಬಸ್ಸು ಮುಕ್ಕಾಲು ತಾಸು ಮೊದಲು ಹೊರಟರೆ ಶಿರಸಿಯಲ್ಲಿ ಹುಬ್ಬಳ್ಳಿಯ ಮೊದಲಿನ ಗಾಡಿ ಸಿಗುತ್ತದೆ, ಓಪಿಡಿ ತೆರೆದ ಸ್ವಲ್ಪ ಹೊತ್ತಿಗೇ ಅಲ್ಲಿರಬಹುದು. ಹೊಸ ಆಸ್ಪತ್ರೆಯೂ ಬೇಡ, ಹೊಸ ರಸ್ತೆಯೂ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಫೈಲು ಹಿಡಿದು ಆಸ್ಪತ್ರೆಗೆ ಹೋಗುವ ಹೆಂಗಸರನ್ನು ದಿನಾ ನೋಡಿದ್ದೇನೆ. ಮೊದಲು ಗಂಡನ ಹತ್ತಿರ ದುಡ್ಡು ಕೇಳಬೇಕಿತ್ತು, ಈಗ ತಾವೇ ಹೊರಡುತ್ತಾರೆ. ಕರಾವಳಿಯಲ್ಲಿ ಖಾಸಗಿ ಬಸ್ಸು ಜಾಸ್ತಿ ಇರುವ ಕಡೆ ಈ ಅನುಕೂಲ ಇಲ್ಲ, ಅದು ಬೇರೆ ಮಾತು.

ಹೊಳೆಯಾಚೆ ಮೇಡಂ, ನಿಮ್ಮ ಊರಿನವರು ಸಹಿ ಹಾಕಿ ಒಂದು ಅರ್ಜಿ ಕೊಡಿ. ಬಸ್ ಡಿಪೊದ ಘಟಕ ವ್ಯವಸ್ಥಾಪಕರಿಗೆ ಒಂದು, ಶಿರಸಿಯ ವಿಭಾಗೀಯ ಕಚೇರಿಗೆ ಒಂದು ಪ್ರತಿ. "ಬಸ್ಸು ಸರಿಯಿಲ್ಲ" ಅಂತ ಬರೆದರೆ ಮೂಲೆಗೆ ಹೋಗುತ್ತದೆ. ಯಾವ ಮಾರ್ಗ, ಈಗ ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟಕ್ಕೆ ಹೊರಟರೆ ಮುಂದೆ ಯಾವ ಬಸ್ಸು ಸಿಗುತ್ತದೆ, ಊರಿನಲ್ಲಿ ತಿಂಗಳೂ ಆಸ್ಪತ್ರೆಗೆ ಹೋಗುವ ಮನೆ ಎಷ್ಟು, ಇದನ್ನು ಬರೆಯಿರಿ. ಶಾಲೆ ಮಕ್ಕಳಿಗೆ ತೊಂದರೆ ಆಗದಂತೆ ಏನು ಮಾಡಬಹುದು ಅಂತಲೂ ಸೇರಿಸಿ, ಇಲ್ಲದಿದ್ದರೆ ಅದೇ ನೆಪ ಹೇಳುತ್ತಾರೆ.

ಹೊಳೆಯಾಚೆ (ಸಿದ್ದಾಪುರ)

ಎಲ್ಲರಿಗೂ ಬಹಳ ಉಪಕಾರ ಆಯಿತು. ಸಿಸ್ಟರ್, ನಿಮ್ಮ ಮಾತನ್ನು ಆಯಿಗೆ ಓದಿ ಹೇಳಿದೆ. ಮೊಣಕಾಲಿನ ಮಾತು ಬಂದಾಗ ಸುಮ್ಮನೆ ಕೇಳಿದಳು, ಆಮೇಲೆ "ಯಾವಾಗ ಹೋಗುವುದು" ಎಂದಳು. ಹುಬ್ಬಳ್ಳಿಗೆ ಫೋನ್ ಮಾಡಿದ್ದೇನೆ, ಸ್ಕ್ಯಾನ್ ಮತ್ತು ಡಾಕ್ಟರು ಒಂದೇ ದಿನ ಸಿಗುವ ಹಾಗೆ ಮುಂದಿನ ವಾರ ಬರಲು ಹೇಳಿದ್ದಾರೆ. ರಕ್ತಪರೀಕ್ಷೆ ಇಲ್ಲಿಯೇ ಮಾಡಿಸುತ್ತೇವೆ. ಪಿಎಚ್‌ಸಿಯ ಸಿಸ್ಟರ್ ಹತ್ತಿರವೂ ಮಾತಾಡಿದೆ, ಬರೆದ ಚೀಟಿ ತಂದರೆ ದಿನಬಿಟ್ಟು ದಿನ ಡ್ರೆಸ್ಸಿಂಗ್ ಮಾಡುತ್ತೇನೆ ಎಂದರು. ನಿಲ್ದಾಣದವರೆಗೆ ಪಕ್ಕದ ಮನೆಯವರು ಬೈಕಿನಲ್ಲಿ ಬಿಡುತ್ತಾರೆ.

ಅರ್ಜಿಯ ವಿಷಯ ಊರಿನಲ್ಲಿ ಹೇಳಿದಾಗ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಬಂದರು. ಎದೆಯಲ್ಲಿ ಗಂಟು ಇದೆ ಅಂದೆನಲ್ಲ, ಅವರೇ ಮೊದಲು ಸಹಿ ಹಾಕಿದ್ದು. ಅವರನ್ನೂ ನಮ್ಮ ಜೊತೆಗೇ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ. ಸಿಸ್ಟರ್, ಅವರಿಗೆ ಹೋಗುವ ಮೊದಲು ಇಲ್ಲಿ ಏನಾದರೂ ಮಾಡಿಸಿಕೊಂಡು ಹೋಗಬೇಕಾ, ನೇರ ಹೋದರೆ ಆಗುತ್ತದಾ?

ಡ್ಯೂಟಿ ಸಿಸ್ಟರ್ (ಕುಮಟಾ)

ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಒಮ್ಮೆ ತೋರಿಸಿ ರೆಫರ್ ಚೀಟಿ ಮಾಡಿಸಿಕೊಳ್ಳಿ, ಆಯಿಯ ರಕ್ತಪರೀಕ್ಷೆಗೆ ಹೋಗುವ ದಿನವೇ ಅದೂ ಆಗುತ್ತದೆ. ಹಳೆಯ ವರದಿ ಏನೇ ಇದ್ದರೂ ತರಲು ಹೇಳಿ. ಹುಬ್ಬಳ್ಳಿಯಲ್ಲಿ ಅವರಿಗೆ ಬೇರೆ ವಿಭಾಗ, ಬೇರೆ ಚೀಟಿ. ಅದಕ್ಕೆ ಬೆಳಿಗ್ಗೆ ಇಬ್ಬರು ಎರಡು ಸಾಲಿನಲ್ಲಿ ನಿಲ್ಲಿ. ಗಂಟು ಎಂದರೆ ಎಲ್ಲವೂ ಕ್ಯಾನ್ಸರ್ ಅಲ್ಲ ಎಂದು ಅವರಿಗೆ ಹೇಳಿ, ಆದರೆ ಮುಂದಿನ ವಾರವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.